ಹಗ್ಗದ ಮನೆಗೆ ಎಷ್ಟು ಜನ

ಜನವರಿ 9

ಸೂಜಿ ಮಗಳೇ,

ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ‘ಊಟ ಆಯ್ತಾ ಮಾವ’ ಎನ್ನುತ್ತೀಯ, ನಾನು ‘ಹಾಂ?’ ಎನ್ನುತ್ತೇನೆ, ಅಷ್ಟಕ್ಕೇ ಇಬ್ಬರಿಗೂ ಸಾಕಾಗುತ್ತದೆ. ಅದಕ್ಕೇ ಈ ಪತ್ರ. ಊಟ ಆಗಿದೆ. ಮೊದಲೇ ಹೇಳಿಬಿಟ್ಟೆ, ಇನ್ನು ನೀನು ಕೇಳುವ ಹಾಗಿಲ್ಲ.

ಭಾನುವಾರ ನಿಮ್ಮ ಹಿನ್ನೀರಿನ ಜಾಗದ ಸಭೆಗೆ ಹೋಗಿದ್ದೆ. ನೀನೂ ನಮ್ಮ ಲಂಬುವೂ ಆಸೆಪಟ್ಟು ಪಾಲು ಹಿಡಿದ ಜಾಗ. ಮಗ ತೀರಿಹೋದ ಮೇಲೆ ‘ಅವರ ಬದಲು ನೀವು ಹೋಗಿ ಬನ್ನಿ ಮಾವ’ ಎಂದು ನೀನು ಹೇಳಿದಾಗ, ದರ್ಜಿಗೆ ಅಲ್ಲೇನು ಕೆಲಸ ಅಂದುಕೊಂಡಿದ್ದೆ. ಎರಡು ವರ್ಷ ಹೋಗಿ ಬಂದು ಈಗ ಅಭ್ಯಾಸವಾಗಿಬಿಟ್ಟಿದೆ. ಭಾನುವಾರ ಸಭೆಯಿಲ್ಲದಿದ್ದರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಹಳೆಯ ಮರದ ಮಿಲ್ಲಿನ ಶೆಡ್ಡಿನಲ್ಲಿ ಒಂಬತ್ತು ಮನೆಯವರೂ ಸೇರಿದ್ದೆವು. ನೆಲ ಯಾರಿಗೂ ತುಂಡು ಮಾಡಿ ಕೊಡುವುದಿಲ್ಲ, ಎಲ್ಲರದೂ ಒಟ್ಟಿಗೆ ಎಂಬುದು ನಿನಗೆ ಗೊತ್ತೇ ಇದೆ. ಈಗ ಇನ್ನೊಂದು ಕಟ್ಟುಪಾಡು ಮಾಡಿದ್ದಾರೆ. ಎಲ್ಲರ ಮಾಡುಗಳೂ ಸೇರಿ ಇಷ್ಟೇ ನೆಲ ಮುಚ್ಚಬೇಕು, ಮಿಕ್ಕದ್ದು ಜೊಂಡಿಗೆ, ನೀರುಕೋಳಿಗೆ, ನೀರಿಗೆ. ಒಬ್ಬರು ಕೋಣೆ ದೊಡ್ಡದು ಮಾಡಿದರೆ ಇನ್ನೊಬ್ಬರದು ಚಿಕ್ಕದಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಒಂಬತ್ತು ಮನೆಗೂ ಸೇರಿ ಒಂದೇ ಹಾಸಿಗೆ. ಅದಕ್ಕೇ ಯಾವ ಮನೆಗೆ ಎಷ್ಟು ಜನ ಬರುತ್ತಾರೆ ಎಂದು ಮೇ ಕೊನೆಗೆ ಗೂಟ ಹೊಡೆಯುವ ದಿನದೊಳಗೆ ಹೇಳಿಬಿಡಬೇಕು. ಆಮೇಲೆ ಬದಲಾಯಿಸುವಂತಿಲ್ಲ.

ಮತ್ತೊಂದು ತಮಾಷೆ ಕೇಳು. ಸಭೆಯಲ್ಲಿ ಒಂದು ಕುರ್ಚಿ ನೀರಿನದು. ಚೀಟಿ ಎತ್ತುತ್ತಾರೆ, ಯಾರ ಹೆಸರು ಬಂತೋ ಅವರು ಒಂದಷ್ಟು ತಿಂಗಳು ಆ ಕುರ್ಚಿಯಲ್ಲಿ ಕೂತು ನೀರಿನ ಪರವಾಗಿ ಮಾತ್ರ ಮಾತಾಡಬೇಕು, ತಮ್ಮ ಮನೆಯ ಪರವಾಗಿ ಅಲ್ಲ. ಈ ಸಲ ಚೀಟಿಯಲ್ಲಿ ನಾನೇ ಬಂದೆ. ಹಲ್ಲಿನ ಡಾಕ್ಟರು ತಮ್ಮ ದೋಣಿಗೆ ಒಂದು ಕೋಣೆ ಬೇಕೆಂದು ಎದ್ದರು. ಮನೆಗಿಂತ ಅದೇ ದೊಡ್ಡದು, ಮೂಗಿಗಿಂತ ಮೂಗುತಿ ಭಾರ. ನೀರಾಗಿ ನಾನೇನು ಹೇಳಲಿ? ‘ದೋಣಿ ನನ್ನ ಮೇಲೇ ಇರ್ಲಿ ಬಿಡಿ, ಭಾರ ಆಗಲ್ಲ’ ಅಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಆದರೆ ಕೋಣೆ ಬಿಡಲಿಲ್ಲ.

ಹೊರಡುವಾಗ ಅದೇ ಡಾಕ್ಟರು ಒಂದು ಅಂಗಿ ಹೊಲಿದುಕೊಡಿ ಎಂದರು. ಕಣ್ಣು ಸರಿಯಿಲ್ಲ ಎಂದೆ. ಪರದೆ, ಚೀಲ, ದಿಂಬಿನ ಗವಸು ಆದರೆ ಹೊಲಿಯುತ್ತೇನೆ. ಗಂಡಸರ ಅಂಗಿ ಬೇಡ.

ನಮ್ಮ ಮನೆಗೆ ಲಂಬು ಆರಿಸಿದ್ದ ಜಾಗವನ್ನೂ ನೋಡಿ ಬಂದೆ. ನೀರಿನ ಕಡೆ ವಾಲಿದ ಮರ, ಅದರ ಕೆಳಗಿನ ಚಪ್ಪಟೆ ಕಲ್ಲು ಎಲ್ಲ ಹಾಗೇ ಇದೆ. ನಮ್ಮ ಮನೆಗೆ ಎಷ್ಟು ಜನ ಎಂದು, ಎಲ್ಲರ ಮನೆಗಳನ್ನೂ ಬರೆದುಕೊಡುವ ನಕ್ಷೆಯವಳು ಕೇಳಿದಳು. ಆಮೇಲೆ ಹೇಳುತ್ತೇನೆ ಎಂದೆ. ನೀನೇನೂ ತಲೆ ಕೆಡಿಸಿಕೊಳ್ಳಬೇಡ.

ನಿನ್ನ ಮಾವ


ಜನವರಿ 27

ಮಾವ,

ನನ್ನದೂ ಊಟ ಆಗಿದೆ. ಲೆಕ್ಕ ಸರಿಹೋಯಿತು.

ಕಣ್ಣು ಸರಿಯಿಲ್ಲ ಅಂತ ಡಾಕ್ಟರಿಗೆ ಹೇಳಿದಿರಂತೆ. ನನ್ನ ಕೋಳಿಕಾಲಿನ ಅಕ್ಷರ ಓದುವ ಕಣ್ಣು ಗುಂಡಿ ಹೊಲಿಯಲು ಬರುವುದಿಲ್ಲವೇ? ಹೋಗಲಿ, ಕೇಳುವುದಿಲ್ಲ.

ಇಲ್ಲಿ ಬಂದರಿನಲ್ಲಿ ಹೂಳು ತುಂಬಿದೆ. ಬೆಳಗಾದರೆ ದೋಣಿ ಹತ್ತಿ ನೀರಿನ ಆಳ ಅಳೆಯುವುದು, ಸಂಜೆ ಬಂದು ಅದನ್ನು ನಕ್ಷೆಗೆ ಇಳಿಸುವುದು, ಇಷ್ಟೇ ನನ್ನ ಬಾಳು. ಬಾಡಿಗೆ ಕೋಣೆ ಹಗ್ಗದ ಅಂಗಡಿಯ ಮೇಲಿದೆ, ನನ್ನ ದಿಂಬಿಗೂ ನಾರಿನ ವಾಸನೆ ಹತ್ತಿದೆ. ನಮ್ಮ ದೋಣಿಯ ಇಂಜಿನ್ ಮುದುಕಿ. ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಒಬ್ಬನಿದ್ದಾನೆ, ಅದರ ಜೊತೆ ದಿನವಿಡೀ ಜಗಳವಾಡುತ್ತಾನೆ. ‘ಏನಮ್ಮಾ, ಇವತ್ತಾದ್ರೂ ಮರ್ಯಾದೆ ಉಳಿಸ್ತೀಯಾ’ ಅಂತ ಕೇಳಿಯೇ ಚಾಲೂ ಮಾಡುವುದು. ಹಾಡುತ್ತಾನೆ ಕೂಡ. ಶ್ರುತಿಗೂ ಅವನಿಗೂ ಹುಟ್ಟಾ ದ್ವೇಷ. ಮೊನ್ನೆ ಗಾಳಿಗೆ ನನ್ನ ಟೋಪಿ ನೀರಿಗೆ ಬಿದ್ದಾಗ ಕೊಕ್ಕೆ ಹಾಕಿ ಎತ್ತಿಕೊಟ್ಟ. ಎತ್ತುವ ಭರದಲ್ಲಿ ತನ್ನ ಟೋಪಿ ಬೀಳಿಸಿಕೊಂಡ.

ನೀರಿನ ಕುರ್ಚಿಯಲ್ಲಿ ಕೂತಿದ್ದೀರಲ್ಲ, ಒಂದು ವಿಷಯ ಹೇಳಿಕೊಡುತ್ತೇನೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಜನರನ್ನು ಕೇಳಬೇಡಿ, ಎಲ್ಲರಿಗೂ ಅವರವರ ಅನುಕೂಲದ ನೆನಪಿರುತ್ತದೆ. ಬೇಲಿ ನೋಡಿ, ಮರದ ಕಾಂಡ ನೋಡಿ. ಒಣಗಿದ ಜೊಂಡು, ಕಸ ಎಲ್ಲಿ ಸಿಕ್ಕಿಕೊಂಡಿದೆಯೋ ಅದೇ ಅದರ ಗುರುತು.

ಮನೆಗೆ ಎಷ್ಟು ಜನ ಎಂಬುದು ನಿಮಗೆ ಬಿಟ್ಟದ್ದು ಮಾವ. ನಿಮಗೆ ಸರಿ ಕಂಡದ್ದನ್ನು ಹೇಳಿ.

ಸೂಜಿ


ಫೆಬ್ರವರಿ 18

ಸೂಜಿ ಮಗಳೇ,

ಹೋದ ವಾರ ಹಗ್ಗದ ಮನೆಗಳಾದವು. ಕಾಗದದ ಮೇಲೆ ನೋಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ನಕ್ಷೆಯವಳು ಹೇಳಿದಳು. ಅದಕ್ಕೆ ನೆಲದ ಮೇಲೆ ಹಗ್ಗ ಎಳೆದು ಒಬ್ಬೊಬ್ಬರ ಮನೆಯನ್ನೂ ನಿಜದ ಅಳತೆಯಲ್ಲೇ ಗುರುತು ಮಾಡಿಕೊಟ್ಟಳು. ಬೆಳಗಿನಿಂದ ಸಂಜೆಯವರೆಗೆ ಅದರೊಳಗೇ ಇರಬೇಕು. ಹಗ್ಗ ದಾಟುವಂತಿಲ್ಲ, ಬಾಗಿಲೆಂದು ಬಿಟ್ಟ ಕಡೆಯೇ ಓಡಾಡಬೇಕು. ನಾನು ನನ್ನ ಅಡುಗೆಮನೆಯಲ್ಲಿ ಫ್ಲಾಸ್ಕಿನ ಚಹಾ ಕುಡಿದೆ, ಮಲಗುವ ಕೋಣೆಯಲ್ಲಿ ಟವೆಲ್ ಹಾಸಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ಪಕ್ಕದ ಮನೆಯ ಗೊರಕೆ ಕೇಳಿಸಿತು, ಗೋಡೆಯೇ ಇಲ್ಲವಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ, ಡಾಕ್ಟರು ಸೀದಾ ಗೋಡೆಯೊಳಗಿಂದ ನಡೆದು ಬಂದು ನನ್ನ ಮಂಚದ ಮೇಲೆ ನಿಂತರು. ಎಂಟು ಮನೆಯವರೂ ಒಟ್ಟಿಗೆ ಕೂಗಿದೆವು.

ನಮ್ಮ ಮನೆಯ ನಕ್ಷೆಯನ್ನು ನಾನೇ, ಬಟ್ಟೆ ಕತ್ತರಿಸಲು ಅಳತೆ ಹಾಕುವ ಕಂದು ಕಾಗದದ ಮೇಲೆ ಬರೆದು ಇದರೊಡನೆ ಇಟ್ಟಿದ್ದೇನೆ. ಮುಂದಿನಿಂದ ಹೇಗೆ ಕಾಣುತ್ತದೆ ಎಂಬುದೂ ಇದೆ. ಅಂಗಿಯ ನಕ್ಷೆಯ ಹಾಗಿದೆ ಎಂದು ನಗಬೇಡ. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಕೂರಲು ಒಂದು ಜಗಲಿ. ಮುದುಕನಿಗೆ ಇನ್ನೇನು ಬೇಕು? ಒಬ್ಬನೇ ಎಂದು ಹೇಳಿದ್ದೇನೆ. ಮನೆ ಸ್ವಲ್ಪ ಮೇಲಕ್ಕೆ, ಏರಿನ ಕಡೆಗೆ ಬರುತ್ತದೆ. ಅಲ್ಲಿ ಗಾಳಿ ಚೆನ್ನಾಗಿದೆ.

ನಿನ್ನ ಮೆಕ್ಯಾನಿಕ್‌ಗೆ ಟೋಪಿ ಸಿಕ್ಕಿತೇ?

ಮಾವ


ಏಪ್ರಿಲ್ 3

ಮಾವನವರಿಗೆ,

ಪತ್ರ ತಡವಾಯಿತು, ಕೆಲಸವಿತ್ತು.

ನಕ್ಷೆ ನೋಡಿದೆ. ಒಂದು ಕೋಣೆ, ಒಂದು ಮಂಚ. ಅವರು ಆರಿಸಿದ ಜಾಗ ಬಿಟ್ಟು ಮೇಲಕ್ಕೆ ಹೋಗಿದ್ದೀರಿ. ಗಾಳಿ ಚೆನ್ನಾಗಿದೆ ಎಂದಿದ್ದೀರಿ, ಸಂತೋಷ. ಆ ಕಲ್ಲಿನ ಮೇಲೆ ಕೂತು ಅವರು ಕಿಟಕಿ ಎಲ್ಲಿ ಬರಬೇಕು ಎಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ್ದು ನನಗೆ ನೆನಪಿದೆ. ನಿಮಗೂ ಹೇಳಿದ್ದರು ಅಂದುಕೊಂಡಿದ್ದೆ.

ಪಾಲು ಇನ್ನೂ ನನ್ನ ಹೆಸರಿನಲ್ಲಿದೆ. ನಿಮ್ಮ ಹೆಸರಿಗೆ ಮಾಡಿಸುವುದಿದ್ದರೆ ಕಾಗದ ಕಳಿಸಿ, ಸಹಿ ಹಾಕುತ್ತೇನೆ. ನಾನು ಅಲ್ಲಿಗೆ ಹೊರಗಿನವಳಾದ ಮೇಲೆ ಅದು ನನ್ನ ಬಳಿ ಇರುವುದು ಸರಿಯಲ್ಲ.

ಔಷಧಿ ತಪ್ಪಿಸಬೇಡಿ.

ಸೊಸೆ


ಏಪ್ರಿಲ್ 11

ಮಗಳೇ,

ಎರಡು ವರ್ಷದಲ್ಲಿ ನೀನು ಮೊದಲ ಸಲ ‘ಸೊಸೆ’ ಎಂದು ಸಹಿ ಹಾಕಿದೆ. ಓದಿ ಕನ್ನಡಕ ತೆಗೆದಿಟ್ಟೆ. ತುಂಬ ನೋವಾಯಿತು. ಆದರೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಅರ್ಧ ಮಾತು ಹೇಳಿ ಅರ್ಧ ನುಂಗಿದವನು ನಾನು. ಉಳಿದರ್ಧ ಈಗ ಬರೆಯುತ್ತೇನೆ.

ನೀನು ಹೇಳಿಕೊಟ್ಟ ಹಾಗೇ ಬೇಲಿ ನೋಡಿದೆ, ಮರ ನೋಡಿದೆ. ಆ ವಾಲಿದ ಮರದ ಕಾಂಡಕ್ಕೆ ಒಣ ಜೊಂಡು ಸಿಕ್ಕಿಕೊಂಡಿತ್ತು. ಲಂಬು ಕೂತ ಕಲ್ಲಿಗಿಂತ ಮೇಲೆ, ಅವನು ಕಿಟಕಿ ಬರಬೇಕು ಎಂದಿದ್ದನಲ್ಲ, ಸುಮಾರಾಗಿ ಆ ಎತ್ತರಕ್ಕೆ. ಹೌದು, ನನಗೂ ಹೇಳಿದ್ದ. ನೀರು ಅಲ್ಲಿಯವರೆಗೆ ಬಂದು ಹೋಗಿದೆ, ಮತ್ತೆ ಬರುತ್ತದೆ. ಬೇರೆ ಯಾರೂ ಗಮನಿಸಿರಲಿಲ್ಲ. ನಾನು ಆ ಜೊಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಕೈ ಹಾಕಿದ್ದೆ ಕೂಡ.

ಆದರೆ ಕೂತದ್ದು ನೀರಿನ ಕುರ್ಚಿಯಲ್ಲಿ. ಬೆಳೆಯುವ ಮಗುವಿನ ಬಟ್ಟೆಗೆ ಒಳಗೆ ಒಂದಷ್ಟು ಮಡಿಸಿ ಬಿಡುತ್ತೇವೆ, ಮೈ ಬಂದಾಗ ಬಿಚ್ಚಿಕೊಳ್ಳಲಿ ಎಂದು. ನೀರಿಗೂ ಮೈ ಬರುತ್ತದೆ. ಸಭೆಯಲ್ಲಿ ಎದ್ದು ನಿಂತು, ‘ಮೊದಲನೇ ಮನೆ ಹಿಂದಕ್ಕೆ ಹೋಗ್ಬೇಕು, ಅದು ನನ್ನ ಜಾಗ’ ಅಂದೆ. ನಕ್ಷೆಯವಳು ‘ಅದು ನಿಮ್ಮನೆ ಅಲ್ವಾ’ ಎಂದಳು. ಹೌದು ಎಂದು ಕೂತುಬಿಟ್ಟೆ. ಡಾಕ್ಟರು ಎದ್ದು ಬಂದು ನನ್ನ ಪಕ್ಕ ಕೂತರು. ಮಗನ ಜಾಗವನ್ನು ನನ್ನ ಬಾಯಿಂದಲೇ ಬಿಟ್ಟುಕೊಟ್ಟೆ ಎಂದು ನಿನಗೆ ಹೇಗೆ ಬರೆಯಲಿ? ಗಾಳಿ ಚೆನ್ನಾಗಿದೆ ಎಂದು ಬರೆದೆ.

ಇನ್ನು ಒಬ್ಬನೇ ಎಂದು ಹೇಳಿದ್ದು. ನೀನು ಚಿಕ್ಕವಳು. ನಾಳೆ ನಿನ್ನ ಬಾಳು ಯಾವ ಕಡೆ ತಿರುಗುತ್ತದೋ. ಅಲ್ಲೊಂದು ಕೋಣೆ ಇಟ್ಟುಬಿಟ್ಟರೆ, ಮಾವ ಕಾಯುತ್ತಿದ್ದಾನೆ, ಹೋಗದಿದ್ದರೆ ಏನು ತಿಳಿದುಕೊಳ್ಳುತ್ತಾನೋ ಎಂದು ನೀನು ಬಂದುಬಿಡುತ್ತೀಯ. ನನ್ನನ್ನು ನಿನ್ನ ಕೊರಳಿಗೆ ಕಟ್ಟಿಹಾಕುವುದು ನನಗೆ ಇಷ್ಟವಿರಲಿಲ್ಲ. ನೀನು ಬಂದು ಇರಬೇಕು ಎಂದು ಆಸೆಯಿಲ್ಲದೆ ಅಲ್ಲ. ಆಸೆ ಬೇಕಾದಷ್ಟಿದೆ.

ಹೊರಗಿನವಳು ಎಂಬ ಮಾತನ್ನು ಇನ್ನೊಮ್ಮೆ ಬರೆಯಬೇಡ.

ಮಾವ

ಮರೆತಿದ್ದೆ. ದೋಣಿಯ ಮೆಕ್ಯಾನಿಕ್ ಕ್ಷೇಮವೇ? ಈ ಸಲ ಅವನ ಸುದ್ದಿಯೇ ಇಲ್ಲ.


ಏಪ್ರಿಲ್ 29

ಮಾವ,

ಪತ್ರ ದೋಣಿಯಲ್ಲಿ ಓದಿದೆ. ಓದಬಾರದಿತ್ತು, ಆ ದಿನ ಅಳೆದದ್ದೆಲ್ಲ ಮತ್ತೆ ಅಳೆಯಬೇಕಾಯಿತು. ನನ್ನನ್ನು ಹೊಟ್ಟೆಗೆ ಹಾಕಿಕೊಳ್ಳಿ. ನೀವು ನನ್ನನ್ನು ಬಿಟ್ಟು ಮನೆ ಕಟ್ಟಿಕೊಳ್ಳುತ್ತಿದ್ದೀರಿ, ಅವರು ಹೋದ ಮೇಲೆ ಈ ನಂಟು ನಿಮಗೆ ಬೇಡವಾಯಿತು ಎಂದೇ ತಿಳಿದಿದ್ದೆ. ನೀವು ನೋಡಿದರೆ ನನ್ನನ್ನು ಬಿಡಿಸಲು ಹೊರಟಿದ್ದೀರಿ. ನೀರಿಗೆ ಮಡಿಸಿ ಬಿಟ್ಟಿರಿ, ನನಗೆ ಬಿಡಲಿಲ್ಲ.

ಆ ಕಂದು ಕಾಗದವನ್ನು ಮೊನ್ನೆ ಮತ್ತೆ ಹರಡಿಕೊಂಡು ಕೂತೆ. ಮೊದಲ ಸಲ ಸಿಟ್ಟಿನಲ್ಲಿ ಕೋಣೆ ಎಣಿಸಿ ಮಡಿಸಿಟ್ಟಿದ್ದೆ, ಬೇರೇನೂ ನೋಡಿರಲಿಲ್ಲ. ಮುಂಬಾಗಿಲಿನ ಪಕ್ಕ ನಿಮ್ಮ ಕೈಯಲ್ಲೇ ಎತ್ತರ ಬರೆದಿದ್ದೀರಿ. ಮಾವ, ನೀವು ನನಗಿಂತ ಎರಡು ಬೆರಳು ಎತ್ತರ, ಅಷ್ಟೇ. ಇಷ್ಟು ಎತ್ತರದ ಬಾಗಿಲು ಯಾರಿಗೆ ಇಟ್ಟಿರಿ? ಬಾಡಿಗೆ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡು ‘ಅಪ್ಪಾ, ನಮ್ಮನೇಲಿ ನಾನು ಬಗ್ಗಲ್ಲ’ ಎಂದು ಕೂಗುತ್ತಿದ್ದವರು ಒಬ್ಬರೇ. ಆ ಜಾಗ ಬಿಟ್ಟುಕೊಟ್ಟೆ ಎಂದು ಬರೆದಿದ್ದೀರಿ. ನೀವು ಅವರನ್ನು ಜೊತೆಗೇ ಕರೆದುಕೊಂಡು ಏರು ಹತ್ತಿದ್ದೀರಿ. ನಿಮಗೇ ಗೊತ್ತಾಗಿಲ್ಲ ಅಂತ ಕಾಣುತ್ತದೆ.

ಈಗ ನನ್ನ ಉಳಿದರ್ಧ ಮಾತು. ಮೆಕ್ಯಾನಿಕ್ ಕ್ಷೇಮ. ನೀವು ನಕ್ಷೆ ಕಳಿಸಿದ ವಾರವೇ ಅವನು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಹೇಗೆ ಕೇಳಿದ ಎಂದರೆ, ಇಂಜಿನ್ನಿಗೆ ಹೇಳಿದ, ‘ಇವರನ್ನ ಕೇಳಮ್ಮಾ, ನಂಗೆ ಧೈರ್ಯ ಇಲ್ಲ’ ಅಂತ. ಆಗಿನಿಂದ ಅವನ ಸುದ್ದಿ ಬರೆಯಲು ನನ್ನ ಕೈ ಬರಲಿಲ್ಲ. ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಿಮಗೆ ಸಿಟ್ಟು ಬರುತ್ತದೆ ಎಂದಲ್ಲ ಮಾವ. ನೀವು ‘ಆಗಲಿ ಮಗಳೇ, ಸಂತೋಷ’ ಎಂದು ಹೇಳಿ, ಪತ್ರ ಅಂಟಿಸಿ, ಒಬ್ಬರೇ ಹೋಗಿ ಆ ಒಂದು ಕೋಣೆಯಲ್ಲಿ ಕೂತುಬಿಡುತ್ತೀರಿ ಎಂದು.

ನನಗೆ ನೀವು ಬೇಕು. ಆ ಮನೆ ಬೇಕು. ನಿಮ್ಮ ಜೊತೆಗೇ ಇರಬೇಕು. ಅವನಿಗೆ ನಿಮ್ಮ ವಿಷಯ, ಲಂಬುವಿನ ವಿಷಯ ಎಲ್ಲ ಗೊತ್ತು. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ, ಇಂಜಿನ್ ಇದ್ದಲ್ಲೆಲ್ಲ ಕೆಲಸವಿದೆ, ಬಾ ಎಂದರೆ ಬರುತ್ತಾನೆ. ಆದರೆ ಅವರು ಕನಸು ಕಂಡ ಮನೆಗೆ ಇನ್ನೊಬ್ಬನನ್ನು ಕೈಹಿಡಿದು ಕರೆತರುವ ಹಕ್ಕು ನನಗಿದೆಯೇ ಎಂಬುದು ಗೊತ್ತಿಲ್ಲ. ಅದನ್ನು ಹೇಳಬೇಕಾದವರು ನೀವೇ. ಆಗದು ಎಂದರೆ ನಾನು ಖಂಡಿತ ತಪ್ಪು ತಿಳಿಯುವುದಿಲ್ಲ.

ಅವನು ಕುಳ್ಳ ಮಾವ. ನೀವು ಇಟ್ಟ ಬಾಗಿಲಲ್ಲಿ ಕೊಡೆ ಬಿಡಿಸಿಕೊಂಡೇ ಒಳಗೆ ಬರಬಹುದು.

ಸೂಜಿ


ಮೇ 22

ಸೂಜಿ ಮಗಳೇ,

ಇಷ್ಟು ದಿನ ಉತ್ತರ ಬರೆಯದೆ ನಿನ್ನನ್ನು ಕಾಯಿಸಿದೆ. ಸುಳ್ಳು ಹೇಳಲಾರೆ, ಓದಿದ ದಿನ ಪತ್ರ ಮಡಿಸಿ ದಿಂಬಿನ ಕೆಳಗಿಟ್ಟೆ. ನಾನೇ ನಿನ್ನ ಬಾಳು ತಿರುಗಲಿ ಎಂದು ದೊಡ್ಡದಾಗಿ ಬರೆದವನು. ತಿರುಗಿದ್ದು ಕಣ್ಣಿಗೆ ಬಿದ್ದ ಕೂಡಲೇ ಮುಖ ಗೋಡೆ ಕಡೆ ಮಾಡಿ ಮಲಗಿದೆ. ಹೇಳುವುದು ಸುಲಭ ಮಗಳೇ.

ಆಮೇಲೆ ಎದ್ದು ಕಂದು ಕಾಗದದ ಇನ್ನೊಂದು ಪ್ರತಿ ತೆಗೆದು ಬಾಗಿಲು ನೋಡಿದೆ. ನೀನು ಹೇಳಿದ್ದು ನಿಜ. ನನಗೆ ಗೊತ್ತೇ ಇರಲಿಲ್ಲ, ಕೈ ತಾನಾಗಿ ಹಾಕಿಬಿಟ್ಟಿದೆ. ಹುಟ್ಟಿದಾಗಿನಿಂದ ಅವನ ಬಟ್ಟೆ ಹೊಲಿದ ಕೈ, ತಾಯಿಯಿಲ್ಲದ ಮಗು ಎಂದು ಕೈಯಿಂದ ಇಳಿಸದೆ ಬೆಳೆಸಿದ ಕೈ. ಅದಕ್ಕೆ ಅವನು ಹೋಗಿರುವುದನ್ನು ಯಾರು ಹೇಳಬೇಕು? ಅಲ್ಲೇ ಕೂತು ಅತ್ತೆ. ಅವನು ಹೋದಾಗ ಬಂದು ಹೋಗುವವರಿಗೆ ಕುರ್ಚಿ ಹಾಕುವುದರಲ್ಲೇ ಇದ್ದೆ, ಸರಿಯಾಗಿ ಅತ್ತಿರಲಿಲ್ಲ. ಈಗ ಅತ್ತ ಮೇಲೆ ಹಸಿವಾಯಿತು. ಊಟ ಮಾಡಿದೆ.

ನಿನ್ನೆ ಸಭೆಯಿತ್ತು. ಬಾಗಿಲು ಎತ್ತರವಾಯಿತು, ಇಳಿಸೋಣವೇ ಎಂದು ನಕ್ಷೆಯವಳೇ ಕೇಳಿದಳು. ಇರಲಿ ಎಂದೆ. ಆಮೇಲೆ ಎದ್ದು, ನಮ್ಮ ಮನೆಗೆ ಮೂರು ಜನ ಎಂದು ಹೇಳಿದೆ.

ಈಗ ನೀರಿನ ಕುರ್ಚಿ ಡಾಕ್ಟರದು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬ ಹಾಗೆ ಕಟ್ಟುನಿಟ್ಟು ಬಂದಿದೆ ಅವರಿಗೆ. ‘ಒಂದು ಕೋಣೆ ಜಾಸ್ತಿ ಅಂದ್ರೆ ನನಗೆ ಒಂದು ಕೋಣೆ ನೆಲ ಕಮ್ಮಿ’ ಎಂದು ನೀರಾಗಿ ನನ್ನನ್ನೇ ತಡೆದರು. ನಾನು ಮೊದಲೇ ಯೋಚಿಸಿಕೊಂಡು ಹೋಗಿದ್ದೆ. ಕೋಣೆ ಮಾಡಿನ ಕೆಳಗೆ, ಅಟ್ಟದ ಮೇಲೆ ಬರುತ್ತದೆ. ನೆಲ ಒಂದು ಅಂಗುಲವೂ ಹೆಚ್ಚು ಬೇಡ. ಮೆಟ್ಟಿಲು ನೀವು ಹತ್ತಿ, ನಾನು ಕೆಳಗಿರುತ್ತೇನೆ. ಮಾಡು ಸ್ವಲ್ಪ ತಗ್ಗು, ಲಂಬು ಆಗಿದ್ದರೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕುಳ್ಳನಿಗೆ ಸರಿಹೋಗುತ್ತದೆ. ಕಿಟಕಿ ನೀರಿನ ಕಡೆಗೇ ಇದೆ, ವಾಲಿದ ಮರವೂ ಆ ಕಲ್ಲೂ ಕಾಣುತ್ತವೆ. ಎಲ್ಲರೂ ಒಪ್ಪಿದರು. ಡಾಕ್ಟರು ನೀರಿನ ಪರವಾಗಿ ಒಪ್ಪಿ, ಅದೇ ಉಸಿರಿನಲ್ಲಿ ತಮ್ಮ ದೋಣಿಯ ಕೋಣೆಯನ್ನೂ ಬಿಟ್ಟುಕೊಟ್ಟರು. ನೀರಿನ ಕುರ್ಚಿಯಲ್ಲಿ ಕೂತು ಅದನ್ನು ಕೇಳಲು ನಾಚಿಕೆಯಾಗುತ್ತದಂತೆ.

ಹಕ್ಕು ಇದೆಯೇ ಎಂದು ಕೇಳಿದ್ದೀಯ. ಮನೆಯವಳಿಗೆ ಮನೆಗೆ ಬರಲು ಹಕ್ಕು ಕೇಳುವುದು ಬೇಡ. ಅವನಿಗೆ ಉತ್ತರ ಕೊಡು, ಪಾಪ, ಮೂರು ತಿಂಗಳಿಂದ ಇಂಜಿನ್ ಜೊತೆ ಎಷ್ಟು ಅಂತ ಮಾತಾಡಿಯಾನು. ಗೂಟ ಹೊಡೆಯುವುದು ಮುಂದಿನ ಭಾನುವಾರ. ಆಗುವುದಾದರೆ ಇಬ್ಬರೂ ಬನ್ನಿ, ಮೂವರೂ ಸೇರಿ ಹೊಡೆಯೋಣ. ಆಗದಿದ್ದರೆ ನಾನೇ ಹೊಡೆದಿರುತ್ತೇನೆ.

ಇವತ್ತು ಬೆಳಿಗ್ಗೆ ಮಿಷಿನ್ನಿಗೆ ಎಣ್ಣೆ ಹಾಕಿದೆ. ಅಲಮಾರಿಯಲ್ಲಿ ಒಂದು ನೀಲಿ ಬಟ್ಟೆ ಎತ್ತಿಟ್ಟಿದ್ದೆ, ಒಳ್ಳೆಯ ನೂಲು, ಮಾಸಿಲ್ಲ. ನಿನ್ನ ಮೆಕ್ಯಾನಿಕ್‌ನ ಅಳತೆ ಕಳಿಸು. ಕೊರಳು, ಭುಜ, ಎದೆ, ತೋಳಿನ ಉದ್ದ. ಅವನೇ ಅಳೆದುಕೊಳ್ಳುವುದು ಬೇಡ, ಗಂಡಸರು ಹೊಟ್ಟೆ ಒಳಕ್ಕೆ ಎಳೆದುಕೊಂಡು ಸುಳ್ಳು ಹೇಳುತ್ತಾರೆ. ನೀನೇ ಅಳೆ. ಒಳಗೆ ಸ್ವಲ್ಪ ಮಡಿಸಿ ಬಿಡುತ್ತೇನೆ, ಇಲ್ಲಿಗೆ ಬಂದ ಮೇಲೆ ಮೈ ಬರಬಹುದು.

ಮಾವ